ಟ್ಯಾಕ್ ಹಂಚಿದ ಕತೆ

ನಮ್ಮ ಲ್ಯಾಬಿನ ಫ್ರೀಜರಿನಲ್ಲಿ ಒಂದು ಪುಟ್ಟ ಟ್ಯೂಬ್ ಇತ್ತು. ಮುಚ್ಚಳದ ಮೇಲೆ ಮಾರ್ಕರಿನಲ್ಲಿ ‘ಟ್ಯಾಕ್, ಗುಡ್’ ಅಂತ ಬರೆದಿತ್ತು. ಅಷ್ಟೇ. ಟ್ಯಾಕ್ ಅಂದರೆ ಡಿಎನ್‌ಎ ಪ್ರತಿ ಮಾಡಲು ಬಳಸುವ ಒಂದು ಎಂಜೈಮ್. ಆದರೆ ಯಾರು ಇಟ್ಟದ್ದು, ಎಲ್ಲಿಂದ ಬಂದದ್ದು, ಒಳಗಿರುವುದು ಎಂಜೈಮೋ ಡಿಎನ್‌ಎಯೋ ಬ್ಯಾಕ್ಟೀರಿಯಾವೋ, ಒಂದೂ ಗೊತ್ತಿಲ್ಲ. ಇಟ್ಟವರು ಬೇರೆ ಊರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು.

ಲ್ಯಾಬ್ ಅಂದರೆ ಯೂನಿವರ್ಸಿಟಿಯದ್ದಲ್ಲ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಕಡೆ ಹವ್ಯಾಸಿಗಳೆಲ್ಲ ಸೇರಿ ಚಂದಾ ಹಾಕಿ ನಡೆಸುವ ಜಾಗ. ಅಮೆರಿಕದಲ್ಲಿ ಇಂಥ ಸಮುದಾಯ ಲ್ಯಾಬುಗಳು 2010ರ ಸುಮಾರಿಗೆ ತಲೆ ಎತ್ತಿದವು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಜೆನ್‌ಸ್ಪೇಸ್, ನಮ್ಮ ಬೇ ಏರಿಯಾದಲ್ಲಿ ಬಯೋಕ್ಯೂರಿಯಸ್. ನಮ್ಮಲ್ಲಿಗೆ ನಿವೃತ್ತ ನರ್ಸ್ ಬರುತ್ತಾರೆ, ಬೇಕರಿಯವರು ಬರುತ್ತಾರೆ, ಹೈಸ್ಕೂಲ್ ಮಕ್ಕಳು ಬರುತ್ತಾರೆ. ಹಗಲೆಲ್ಲ ಸಾಫ್ಟ್‌ವೇರ್ ಪರೀಕ್ಷೆ ಮಾಡಿ ಸಂಜೆ ಬೇಜಾರು ಕಳೆಯಲು ಬರುವ ನನ್ನಂಥವರೂ ಇದ್ದಾರೆ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್. ಜೀವಶಾಸ್ತ್ರ ಪಿಯುಸಿಗೇ ಮುಗಿದಿತ್ತು.

ಹುಚ್ಚು ಹತ್ತಿಸಿದ್ದು ಬೆಂಗಳೂರಿನ ಒಂದು ತಂಡ. ಐಜೆಮ್ ಅಂತ ವಿದ್ಯಾರ್ಥಿಗಳಿಗೆ ಒಂದು ಅಂತರರಾಷ್ಟ್ರೀಯ ಸ್ಪರ್ಧೆ ಇದೆ. ಜೀನುಗಳನ್ನು ಜೋಡಿಸಿ ಬ್ಯಾಕ್ಟೀರಿಯಾ ಕೈಲಿ ಏನಾದರೂ ಹೊಸ ಕೆಲಸ ಮಾಡಿಸಬೇಕು. 2009ರಲ್ಲಿ ಆರ್ಟ್‌ಸೈನ್ಸ್ ಬೆಂಗಳೂರು ಅನ್ನುವ ತಂಡ ಅದಕ್ಕೆ ಹೋಗಿತ್ತು. ಅದರಲ್ಲಿದ್ದವರು ಜೀವಶಾಸ್ತ್ರದವರಲ್ಲ, ಸೃಷ್ಟಿ ಕಲಾಶಾಲೆಯ ಹುಡುಗ ಹುಡುಗಿಯರು. ಮಳೆ ಬಿದ್ದ ಮಣ್ಣಿಗೆ ಆ ವಾಸನೆ ಕೊಡುವುದು ಜಿಯಾಸ್ಮಿನ್ ಅನ್ನುವ ವಸ್ತು. ಅದನ್ನು ಇ. ಕೋಲಿ ಬ್ಯಾಕ್ಟೀರಿಯಾದಿಂದ ಮಾಡಿಸಲು ಹೊರಟಿದ್ದರು. ಬಳಸಿದ ಜೀನನ್ನು ಬೇರೆಯವರಿಗೂ ಸಿಗಲಿ ಅಂತ ಐಜೆಮ್‌ನ ಸಂಗ್ರಹಕ್ಕೆ ಸೇರಿಸಿದರು. ಅದನ್ನು ಓದಿದಾಗ ಅನ್ನಿಸಿದ್ದು, ಚಿತ್ರ ಬಿಡಿಸುವವರಿಗೆ ಆಗುತ್ತೆ ಅಂದರೆ ನನಗೂ ಆಗಬಹುದು ಅಲ್ವಾ?

ಟ್ಯಾಕ್ ವಿಷಯಕ್ಕೆ ಬರುತ್ತೇನೆ. ಕೋವಿಡ್ ಬಂದ ಮೇಲೆ ಪಿಸಿಆರ್ ಅನ್ನುವ ಮಾತು ಕೇಳದವರಿಲ್ಲ. ಒಂದು ತುಣುಕು ಡಿಎನ್‌ಎಯನ್ನು ಕೋಟಿಗಟ್ಟಲೆ ಪ್ರತಿ ಮಾಡುವ ವಿಧಾನ ಅದು. ಪ್ರತಿ ಸುತ್ತಿಗೂ ಟ್ಯೂಬನ್ನು 95 ಡಿಗ್ರಿ ಹತ್ತಿರ ಕಾಯಿಸಬೇಕು. ಆ ಬಿಸಿಗೆ ಸಾಮಾನ್ಯ ಎಂಜೈಮ್ ಕೆಟ್ಟು ಹೋಗುತ್ತದೆ. ಟ್ಯಾಕ್ ಪಾಲಿಮರೇಸ್ ತಡೆದುಕೊಳ್ಳುತ್ತದೆ. ಯಾಕೆಂದರೆ ಅದು ಬಂದಿರುವುದು ಬಿಸಿನೀರಿನ ಬುಗ್ಗೆಯಲ್ಲಿ ಬದುಕುವ ಬ್ಯಾಕ್ಟೀರಿಯಾದಿಂದ. 1966ರಲ್ಲಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಯೆಲ್ಲೋಸ್ಟೋನ್ ಉದ್ಯಾನದ ಒಂದು ಬುಗ್ಗೆಯಿಂದ ಅದನ್ನು ಬೇರ್ಪಡಿಸಿದರು. 1969ರಲ್ಲಿ ಥರ್ಮಸ್ ಅಕ್ವಾಟಿಕಸ್ ಅಂತ ಹೆಸರಿಟ್ಟು ಪ್ರಕಟಿಸಿದರು. ಆಮೇಲೆ ಬ್ರಾಕ್ ಅದನ್ನು ತಮ್ಮ ಕಪಾಟಿನಲ್ಲಿ ಇಟ್ಟುಕೊಂಡು ಕೂರಲಿಲ್ಲ. ಅಮೆರಿಕನ್ ಟೈಪ್ ಕಲ್ಚರ್ ಕಲೆಕ್ಷನ್ ಅನ್ನುವ ಸೂಕ್ಷ್ಮಜೀವಿಗಳ ಸಂಗ್ರಹಕ್ಕೆ ಕೊಟ್ಟುಬಿಟ್ಟರು. ಬೇಕಾದ ಸಂಶೋಧಕರು ಅಲ್ಲಿಂದ ತರಿಸಿಕೊಳ್ಳಬಹುದಿತ್ತು.

ಹಾಗೆ ತರಿಸಿಕೊಂಡವರಲ್ಲಿ ಸೀಟಸ್ ಅನ್ನುವ ಕಂಪನಿಯೂ ಒಂದು. ಅದು ಇದ್ದದ್ದು ಎಮೆರಿವಿಲ್‌ನಲ್ಲಿ, ಓಕ್‌ಲ್ಯಾಂಡಿನ ಪಕ್ಕದ ಊರು. ನಮ್ಮ ಲ್ಯಾಬಿನಿಂದ ಸೈಕಲ್ಲಿನಲ್ಲಿ ಹೋಗಬಹುದು. ಪಿಸಿಆರ್ ಯೋಚನೆ ಮಾಡಿದ ಕ್ಯಾರಿ ಮಲ್ಲಿಸ್ ಅಲ್ಲೇ ಕೆಲಸ ಮಾಡುತ್ತಿದ್ದರು. 1991ರಲ್ಲಿ ಪಿಸಿಆರ್ ಹಕ್ಕುಗಳು 30 ಕೋಟಿ ಡಾಲರಿಗೆ ಸ್ವಿಟ್ಜರ್ಲೆಂಡಿನ ಹಾಫ್‌ಮನ್ ಲ ರೋಶ್ ಪಾಲಾದವು. ಯೆಲ್ಲೋಸ್ಟೋನಿಗೆ ಅದರಲ್ಲಿ ಒಂದು ಪೈಸೆಯೂ ಬರಲಿಲ್ಲ. ಬ್ರಾಕ್ ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರು ಕೊಡದಿದ್ದರೆ ಪಿಸಿಆರ್ ಇಷ್ಟು ಬೇಗ ಎಲ್ಲರ ಕೈಗೆ ಬರುತ್ತಿತ್ತೋ ಇಲ್ಲವೋ. ಆದರೆ ಸುಮ್ನೆ ಕೊಡುವುದು ಬೇರೆ, ಮುಂದೆಯೂ ಕೈಯಿಂದ ಕೈಗೆ ಹೋಗುತ್ತಿರಲಿ ಅಂತ ಕೊಡುವುದು ಬೇರೆ.

ಈಗ ಆ ಹಳೆಯ ಪೇಟೆಂಟುಗಳ ಅವಧಿ ಮುಗಿದಿದೆ. ಟ್ಯಾಕ್ ಅನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು. ನಮ್ಮಲ್ಲಿ ಮಕ್ಕಳ ತರಗತಿಗೇ ಜಾಸ್ತಿ ಖರ್ಚಾಗುತ್ತಿತ್ತು, ಪ್ರತಿ ಸಲ ಕೊಂಡು ತರುವ ಬದಲು ನಾವೇ ಮಾಡೋಣ ಅಂತ ಹೊರಟೆವು. ಫ್ರೀಜರಿನ ಟ್ಯೂಬ್ ಹೊರಗೆ ಬಂದದ್ದು ಆಗ.

ಅದರಿಂದ ಒಂದು ಚೂರು ತೆಗೆದು ಬೇರೆ ಬೇರೆ ಆಂಟಿಬಯಾಟಿಕ್ ಇರುವ ಅಗರ್ ತಟ್ಟೆಗಳ ಮೇಲೆ ಗೀಚಿದೆವು. ಮಾರನೇ ದಿನ ಆಂಪಿಸಿಲಿನ್ ತಟ್ಟೆಯಲ್ಲಿ ಮಾತ್ರ ಬಿಳಿ ಚುಕ್ಕೆಗಳು ಎದ್ದಿದ್ದವು. ಅಂದರೆ ಒಳಗಿದ್ದದ್ದು ಜೀವಂತ ಬ್ಯಾಕ್ಟೀರಿಯಾ, ಅದರ ಹೊಟ್ಟೆಯಲ್ಲಿ ಆಂಪಿಸಿಲಿನ್ ತಡೆಯುವ ಜೀನ್ ಇರುವ ಪ್ಲಾಸ್ಮಿಡ್. ಪ್ಲಾಸ್ಮಿಡ್ ಅಂದರೆ ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎ ಬಿಟ್ಟು ಬೇರೆಯಾಗಿ ಇರುವ ಪುಟ್ಟ ಡಿಎನ್‌ಎ ಉಂಗುರ. ಜೀನ್ ಹಂಚುವವರು ಸಾಮಾನ್ಯವಾಗಿ ಹಂಚುವುದು ಇದನ್ನೇ. ಪ್ಲಾಸ್ಮಿಡ್ ತೆಗೆದು ಪೂರ್ತಿ ಓದಿಸಲು ಹೊರಗೆ ಕಳಿಸಿದೆವು. ಈಗ ಅದಕ್ಕೆ 15 ಡಾಲರ್ ಇದ್ದರೆ ಸಾಕು. ಫೈಲ್ ಬಂತು. ಟ್ಯಾಕ್ ಜೀನ್ ಅಂದರೆ ಎ, ಟಿ, ಜಿ, ಸಿ ಅನ್ನುವ ಡಿಎನ್‌ಎ ಅಕ್ಷರಗಳಲ್ಲಿ ಸುಮಾರು 2,500 ಅಕ್ಷರ. ಎಲ್ಲ ಸರಿಯಾಗಿ ಕೂತಿತ್ತು.

ನಾವೆಲ್ಲ ಖುಷಿಯಲ್ಲಿದ್ದೆವು. ನಮ್ಮ ಲ್ಯಾಬಿನಲ್ಲಿ ಒಬ್ಬರು ನಿವೃತ್ತ ಬಯೋಕೆಮಿಸ್ಟ್ ಇದ್ದಾರೆ. ಕಡಿಮೆ ಮಾತಿನ ಹೆಂಗಸು. ಫೈಲ್ ನೋಡಿ, ‘ಚೆನ್ನಾಗಿದೆ. ಯಾರದ್ದು ಇದು?’ ಅಂದರು.

ಯಾರಿಗೂ ಗೊತ್ತಿರಲಿಲ್ಲ. ‘ಹಾಗಾದರೆ ಹಂಚೋ ಹಾಗಿಲ್ಲ,’ ಅಂದರು.

ನನಗೆ ಮೊದಲು ಇದು ವಿಚಿತ್ರ ಅನ್ನಿಸಿತು. ಪೇಟೆಂಟ್ ಇಲ್ಲ, ಜೀನ್ ಸರಿ ಇದೆ, ಇನ್ನೇನು? ಅವರು ಕೂರಿಸಿಕೊಂಡು ವಿವರಿಸಿದರು. ಯೂನಿವರ್ಸಿಟಿಗಳ ನಡುವೆ ಇಂಥ ಟ್ಯೂಬ್ ಓಡಾಡುವಾಗ ಜೊತೆಗೆ ಒಂದು ಕರಾರು ಇರುತ್ತದೆ. ಎಂಟಿಎ, ಅಂದರೆ ಮೆಟೀರಿಯಲ್ ಟ್ರಾನ್ಸ್‌ಫರ್ ಅಗ್ರಿಮೆಂಟ್. ಅಮೆರಿಕದಲ್ಲಿ 1995ರಿಂದ ಬಳಕೆಯಲ್ಲಿರುವ ಒಂದು ಸಾಮಾನ್ಯ ನಮೂನೆ ಇದೆ. ಅದರ ಪ್ರಕಾರ ತೆಗೆದುಕೊಂಡವರು ಕೊಟ್ಟವರ ಒಪ್ಪಿಗೆ ಇಲ್ಲದೆ ಮೂರನೆಯವರಿಗೆ ದಾಟಿಸುವಂತಿಲ್ಲ. ನಮ್ಮ ಟ್ಯೂಬ್ ಯಾರದೋ ಯೂನಿವರ್ಸಿಟಿ ಫ್ರೀಜರಿನಿಂದ ಜೇಬಿನಲ್ಲಿ ಬಂದಿರುವ ಸಾಧ್ಯತೆಯೇ ಹೆಚ್ಚು. ಪೇಟೆಂಟ್ ಮುಗಿದರೂ ಕರಾರು ಮುಗಿಯುವುದಿಲ್ಲ.

ಇದು ನನ್ನ ಕಸುಬಿನಲ್ಲಿ ಗೊತ್ತಿದ್ದ ವಿಷಯವೇ. ಲೈಸೆನ್ಸ್ ಇಲ್ಲದ ಕೋಡ್ ಎಲ್ಲರ ಕಣ್ಣಿಗೆ ಕಂಡರೂ ಎಲ್ಲರದ್ದಲ್ಲ. ಜೀನಿಗೂ ಅದೇ ನಿಯಮ ಅಂತ ಮಾತ್ರ ಹೊಳೆದಿರಲಿಲ್ಲ. ಲ್ಯಾಬಿನಲ್ಲಿ ಜಗಳವೇ ಆಯಿತು. ‘ಯಾರು ಬಂದು ಕೇಳ್ತಾರೆ?’ ಅಂತ ಕೆಲವರು. ಯಾರೂ ಕೇಳುವುದಿಲ್ಲ, ನಿಜ. ಆದರೆ ನಾವು ಇನ್ನೊಂದು ಲ್ಯಾಬಿಗೆ ಕೊಟ್ಟು, ಅವರು ಅದರಿಂದ ಏನಾದರೂ ಮಾಡಿ ಮಾರಲು ಹೊರಟಾಗ ಯಾರಾದರೂ ಕೇಳಿದರೆ? ಸಿಕ್ಕಿಕೊಳ್ಳುವುದು ಅವರು. ಕೊನೆಗೆ ಆ ಟ್ಯೂಬನ್ನು ಬ್ಲೀಚ್ ನೀರಿಗೆ ಹಾಕಿದೆವು.

ಇದಕ್ಕೆ ದಾರಿ ಆಗಲೇ ಇತ್ತು. ಬಯೋಬ್ರಿಕ್ಸ್ ಫೌಂಡೇಶನ್ ಮತ್ತು ಇಂಗ್ಲೆಂಡಿನ ಓಪನ್‌ಪ್ಲಾಂಟ್ ಸೇರಿ ಓಪನ್ ಎಂಟಿಎ ಅಂತ ಒಂದು ಕರಾರು ಬರೆದು 2018ರಲ್ಲಿ ಪ್ರಕಟಿಸಿದ್ದರು. ತೆಗೆದುಕೊಂಡವರು ಬದಲಾಯಿಸಬಹುದು, ಇನ್ನೊಬ್ಬರಿಗೆ ಕೊಡಬಹುದು, ಮಾರಲೂಬಹುದು. ಕೊಟ್ಟವರ ಹೆಸರು ಹೇಳಿ ಅಂತ ಕೇಳಿಕೊಳ್ಳಬಹುದು, ಅಷ್ಟೇ. ಈ ಕರಾರಿನ ಅಡಿಯಲ್ಲಿ ಜೀನ್ ಕೊಡುವ ಸಂಗ್ರಹಗಳಿವೆ. 2004ರಲ್ಲಿ ಶುರುವಾದ ಆಡ್‌ಜೀನ್‌ನಂಥ ದೊಡ್ಡ ಪ್ಲಾಸ್ಮಿಡ್ ಭಂಡಾರ ವಿಜ್ಞಾನಕ್ಕೆ ಮಾಡಿರುವ ಉಪಕಾರ ಸಣ್ಣದಲ್ಲ, ಆದರೆ ಅಲ್ಲಿ ಸಂಸ್ಥೆಯ ಹೆಸರಿಲ್ಲದೆ ಬಾಗಿಲು ತೆರೆಯುವುದಿಲ್ಲ. ನಮ್ಮ ಲ್ಯಾಬ್ ಲಾಭರಹಿತ ಸಂಸ್ಥೆಯಾಗಿ ನೋಂದಣಿ ಆಗಿದ್ದರಿಂದ ಕಾಗದಕ್ಕೆ ಸಹಿ ಹಾಕಲು ಒಂದು ಹೆಸರು, ಒಂದು ವಿಳಾಸ ಇತ್ತು. ಮನೆ ಗ್ಯಾರೇಜಿನಲ್ಲಿ ಒಬ್ಬರೇ ಮಾಡುವವರು ಸೋಲುವುದು ಹೆಚ್ಚಾಗಿ ಇಲ್ಲೇ.

ಅಂಥ ಒಂದು ಸಂಗ್ರಹದಿಂದ ತರಿಸಿದ ಹೊಸ ಪ್ಲಾಸ್ಮಿಡ್ ಒಣಗಿದ ಡಿಎನ್‌ಎ ಆಗಿ ಬಂತು. ಟ್ಯೂಬ್ ನೋಡಿದರೆ ಖಾಲಿ. ನೀರು ಹಾಕಿ ಕರಗಿಸಿ, ಡಿಎಚ್5 ಆಲ್ಫಾ ಅನ್ನುವ ಇ. ಕೋಲಿಗೆ ಸೇರಿಸಬೇಕು. ಇದು ಕೆ-12 ವಂಶದ್ದು. ಆ ವಂಶದ ಮೂಲವೂ ನಮ್ಮ ನೆರೆಹೊರೆಯೇ. 1922ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಒಬ್ಬ ರೋಗಿಯ ಮಲದಿಂದ ತೆಗೆದದ್ದು. ದಶಕಗಟ್ಟಲೆ ಲ್ಯಾಬಿನ ಊಟ ತಿಂದು ಮನುಷ್ಯನ ಕರುಳಿನಲ್ಲಿ ನೆಲೆ ನಿಲ್ಲುವ ತಾಕತ್ತು ಕಳೆದುಕೊಂಡಿದೆ. ಹವ್ಯಾಸಿಗಳು ಧೈರ್ಯವಾಗಿ ಇದನ್ನು ಬಳಸುವುದು ಅದಕ್ಕೇ. ಬ್ಯಾಕ್ಟೀರಿಯಾ ಮತ್ತು ಡಿಎನ್‌ಎ ಎರಡನ್ನೂ ಅರ್ಧ ಗಂಟೆ ಐಸಿನಲ್ಲಿಟ್ಟು, 42 ಡಿಗ್ರಿ ನೀರಿನಲ್ಲಿ ಒಂದು ನಿಮಿಷದೊಳಗೆ ಅದ್ದಿ ತೆಗೆದು, ಮತ್ತೆ ಐಸಿಗೆ. ಆ ಆಘಾತಕ್ಕೆ ಕೆಲವು ಬ್ಯಾಕ್ಟೀರಿಯಾ ಡಿಎನ್‌ಎಯನ್ನು ಒಳಗೆ ಎಳೆದುಕೊಳ್ಳುತ್ತವೆ. ಎಳೆದುಕೊಂಡವು ಮಾತ್ರ ಆಂಟಿಬಯಾಟಿಕ್ ತಟ್ಟೆಯ ಮೇಲೆ ಬದುಕುತ್ತವೆ.

ಕಸದ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಆಂಟಿಬಯಾಟಿಕ್ ತಡೆಯುವ ಬ್ಯಾಕ್ಟೀರಿಯಾವನ್ನು ಹಾಗೇ ಸಿಂಕಿಗೆ ಸುರಿಯುವಂತಿಲ್ಲ. ಒಂದೋ ಬ್ಲೀಚ್, ಇಲ್ಲವೋ ಒತ್ತಡದ ಹಬೆ. ಹಾಗೆ ಹಬೆ ಕೊಡುವ ಯಂತ್ರ, ಆಟೋಕ್ಲೇವ್, ಕೆಟ್ಟು ಕೂತಾಗ ನಾನು ಊರಿನಿಂದ ತಂದ ಕುಕ್ಕರ್ ಲ್ಯಾಬಿಗೆ ಹೋಯಿತು. ಅದರಲ್ಲಿ ಮತ್ತೆ ಅನ್ನ ಮಾಡುವ ಹಾಗಿಲ್ಲ ಅಂದಾಗ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ.

ಎಂಜೈಮ್ ಮಾಡುವ ಕೆಲಸಕ್ಕೆ ಬಿಎಲ್21(ಡಿಇ3) ಅನ್ನುವ ಬೇರೆ ತಳಿ ಬೇಕು. ನಮ್ಮ ಪ್ಲಾಸ್ಮಿಡ್‌ನಲ್ಲಿ ಟ್ಯಾಕ್ ಜೀನಿನ ಮುಂದೆ ಟಿ7 ಅನ್ನುವ ಸ್ವಿಚ್ ಇದೆ. ಆ ಸ್ವಿಚ್ ಒತ್ತುವ ಇನ್ನೊಂದು ಪಾಲಿಮರೇಸ್ ಡಿಎಚ್5 ಆಲ್ಫಾದಲ್ಲಿ ಇಲ್ಲ, ಬಿಎಲ್21(ಡಿಇ3)ಯಲ್ಲಿ ಇದೆ. ಇದು ಗೊತ್ತಿಲ್ಲದೆ ಬೇರೆ ತಳಿಯಲ್ಲಿ ಬೆಳೆಸಿದರೆ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ, ಟ್ಯಾಕ್ ಮಾತ್ರ ಹುಟ್ಟುವುದಿಲ್ಲ. ಬ್ಯಾಕ್ಟೀರಿಯಾ ಒಂದು ಹದಕ್ಕೆ ಬೆಳೆದ ಮೇಲೆ ಐಪಿಟಿಜಿ ಅನ್ನುವ ರಾಸಾಯನಿಕ ಹಾಕಿದರೆ ಸ್ವಿಚ್ ಆನ್. ಕೆಲವು ಗಂಟೆ ಬಿಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ತಳಕ್ಕಿಳಿಸಿ, ಲೈಸೋಜೈಮ್ ಹಾಕಿ ಅದರ ಗೋಡೆ ಒಡೆಯುತ್ತೇವೆ.

ಆಮೇಲಿನ ಹೆಜ್ಜೆ ನನಗೆ ಅಚ್ಚುಮೆಚ್ಚು. ಇಡೀ ಟ್ಯೂಬನ್ನು 75 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಇಡುವುದು. ಇ. ಕೋಲಿಯ ಸ್ವಂತ ಪ್ರೋಟೀನುಗಳು ಆ ಬಿಸಿಗೆ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತಿಗೆ ಒಳಗೆಲ್ಲ ಒಡೆದ ಹಾಲಿನ ಹಾಗೆ ಗಸಿ ಗಸಿ. ಮತ್ತೆ ತಿರುಗಿಸಿದರೆ ಆ ಗಸಿಯೆಲ್ಲ ತಳಕ್ಕೆ ಕೂರುತ್ತದೆ. ಮೇಲೆ ನಿಲ್ಲುವ ತಿಳಿಯಲ್ಲಿ ಟ್ಯಾಕ್ ಆರಾಮಾಗಿ ಇರುತ್ತದೆ, ಬಿಸಿನೀರಿನ ಬುಗ್ಗೆಯಲ್ಲಿ ಹುಟ್ಟಿದ್ದಕ್ಕೆ 75 ಡಿಗ್ರಿ ಯಾವ ಲೆಕ್ಕ? ದುಬಾರಿ ಶುದ್ಧೀಕರಣದ ಕಾಲಮ್ಮಿಲ್ಲದೆ ಮುಕ್ಕಾಲು ಕೆಲಸ ಮುಗಿಯುತ್ತದೆ. ಆ ತಿಳಿಯನ್ನು ಅರ್ಧ ಗ್ಲಿಸರಾಲ್ ಬೆರೆಸಿ ಮೈನಸ್ 20ರಲ್ಲಿಟ್ಟರೆ ಗಟ್ಟಿಯಾಗದೆ ಉಳಿಯುತ್ತದೆ.

ಕೊಂಡು ತಂದ ಟ್ಯಾಕ್ ಪಕ್ಕದಲ್ಲಿ ನಮ್ಮದನ್ನಿಟ್ಟು, ನೀರು ಬೆರೆಸುತ್ತಾ ತೆಳು ಮಾಡುತ್ತಾ, ಎಷ್ಟು ತೆಳುವಾದರೂ ಕೆಲಸ ಮಾಡುತ್ತದೆ ಅಂತ ಜೆಲ್ ಓಡಿಸಿ ನೋಡಿದೆವು. ಪ್ರತಿಯಾದ ಡಿಎನ್‌ಎ ಜೆಲ್ಲಿನಲ್ಲಿ ಒಂದು ಪಟ್ಟಿಯ ಹಾಗೆ ಕಾಣುತ್ತದೆ. ಪಟ್ಟಿ ಬಂತು. ತೆಳುವಾದಷ್ಟೂ ಮಸುಕಾಗುತ್ತಾ ಹೋಯಿತು, ಆದರೆ ನಾವು ಅಂದುಕೊಂಡದ್ದಕ್ಕಿಂತ ತುಂಬಾ ದೂರದವರೆಗೆ ಬಂತು.

ಈಗ ಹಂಚುವ ಸರದಿ. ಜೀವಂತ ಬ್ಯಾಕ್ಟೀರಿಯಾ ಕಳಿಸುವ ಬದಲು ಬರೀ ಡಿಎನ್‌ಎ ಕಳಿಸುವುದು ಅಂತ ತೀರ್ಮಾನ ಮಾಡಿದೆವು. ಡಿಎನ್‌ಎ ತಾನಾಗಿ ಬೆಳೆಯುವುದಿಲ್ಲ, ಸೋರಿದರೂ ಯಾರಿಗೂ ತೊಂದರೆ ಇಲ್ಲ, ಐಸೂ ಬೇಡ. ಅದಕ್ಕೆ ಬೇಕಾದದ್ದು ಫಿಲ್ಟರ್ ಪೇಪರ್, ಪೆನ್ಸಿಲ್. ಪೆನ್ ಆದರೆ ಶಾಯಿ ಒದ್ದೆಯಾಗಿ ಹರಡುತ್ತದೆ. ಪೆನ್ಸಿಲ್ಲಿನಲ್ಲಿ ಒಂದು ಪುಟ್ಟ ಸುತ್ತು ಹಾಕಿ, ಅದರ ನಡುವೆ ಪಿಪೆಟ್ಟಿನಿಂದ 5 ಮೈಕ್ರೋಲೀಟರ್ ಹನಿ ಇಡುತ್ತೇವೆ. ಹನಿ ಹಾಕಿದ ಕ್ಷಣ ಕಾಗದ ಸ್ವಲ್ಪ ಬೂದಾಗುತ್ತದೆ, ಒಣಗಿದರೆ ಏನೂ ಕಾಣುವುದಿಲ್ಲ. ಆ ಸುತ್ತು ಇಲ್ಲದಿದ್ದರೆ ಡಿಎನ್‌ಎ ಎಲ್ಲಿದೆ ಅಂತ ಹುಡುಕಬೇಕು. ಬರೀ ಕೈಯಲ್ಲಿ ಮುಟ್ಟಬಾರದು, ಬೆರಳಿನ ಮೇಲೆ ಡಿಎನ್‌ಎ ಕಡಿಯುವ ಎಂಜೈಮ್ ಇರುತ್ತದೆ. ಒಣಗಿದ ಮೇಲೆ ಜಿಪ್ ಕವರು, ಒಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ, ಮೇಲೆ ಮಾಮೂಲಿ ಅಂಚೆ ಲಕೋಟೆ. ಪಡೆದವರು ಸುತ್ತನ್ನು ಕತ್ತರಿಸಿ ಸ್ವಲ್ಪ ನೀರಿನಲ್ಲಿ ನೆನೆಹಾಕಿ, ಆ ನೀರನ್ನು ಬ್ಯಾಕ್ಟೀರಿಯಾಕ್ಕೆ ಹಾಕಿದರೆ ಆಯಿತು.

ಹನಿ ಇಡುವುದು ಒಂದು ಸಂಜೆಯ ಕೆಲಸ. ಜೊತೆಗೆ ಹೋಗಬೇಕಾದ ಹಾಳೆಗೆ ಹಿಡಿದ ಕಾಲ ಅದಕ್ಕಿಂತ ಎಷ್ಟೋ ಜಾಸ್ತಿ. ‘ಟ್ಯಾಕ್, ಗುಡ್’ ಟ್ಯೂಬಿನಿಂದ ಪಟ್ಟ ಪಾಡು ಇನ್ನೊಬ್ಬರಿಗೆ ಬೇಡ ಅಂತ ಹಠ ಹಿಡಿದು ಬರೆದೆವು. ಪ್ಲಾಸ್ಮಿಡ್ಡಿನ ಅಕ್ಷರಗಳ ಪೂರ್ತಿ ಅನುಕ್ರಮ, ನಾವು ಓದಿಸಿ ನೋಡಿದ ತಾರೀಕಿನ ಸಮೇತ. ಯಾವ ಆಂಟಿಬಯಾಟಿಕ್, ಎಷ್ಟು ಪ್ರಮಾಣ. ಪ್ಲಾಸ್ಮಿಡ್ ಇಡಲು ಯಾವ ತಳಿ, ಎಂಜೈಮ್ ಮಾಡಲು ಯಾವ ತಳಿ. ನಮಗೆ ಎಲ್ಲಿಂದ ಬಂತು, ಯಾವ ಕರಾರಿನ ಮೇಲೆ. ಓಪನ್ ಎಂಟಿಎಯ ಪ್ರತಿ, ಸಹಿಗೆ ಜಾಗ ಬಿಟ್ಟು. ಕೆಲವರಿಗೆ ಇದು ಸರ್ಕಾರಿ ಕಚೇರಿಯ ಹಾಗೆ ಕಂಡಿತು. ‘ಓಪನ್ ಅಂತೀರಿ, ಸಹಿ ಕೇಳ್ತೀರಿ’ ಅಂತ ಒಬ್ಬರು ರೇಗಿದರು. ಆ ಸಹಿ ನಮಗಾಗಿ ಅಲ್ಲ, ಅವರಿಂದ ಮುಂದೆ ತೆಗೆದುಕೊಳ್ಳುವವರಿಗಾಗಿ. ಇದನ್ನು ನಾನು ಇವತ್ತಿಗೂ ವಾದ ಮಾಡುತ್ತೇನೆ.

ದೇಶದ ಗಡಿ ದಾಟುವ ವಿಷಯ ಬಂದರೆ ಲೆಕ್ಕವೇ ಬೇರೆ. ಜರ್ಮನಿಯಲ್ಲಿ ಅನುಮತಿ ಇರುವ ಲ್ಯಾಬಿನ ಹೊರಗೆ ಜೀನ್ ಬದಲಿಸುವ ಕೆಲಸ ಮಾಡುವಂತಿಲ್ಲ. ಅಲ್ಲಿಂದ ಕೇಳಿದವರಿಗೆ ಮೊದಲು ಅಂಥ ಲ್ಯಾಬ್ ನೋಡಿಕೊಳ್ಳಿ ಅಂದೆವು.

ಮನೆಯವರೇ ಕೇಳಿದಾಗ ಮಾತ್ರ ಕಷ್ಟವಾಯಿತು. ನನ್ನ ಚಿಕ್ಕಮ್ಮನ ಮಗಳು ದಾವಣಗೆರೆ ಕಡೆ ಒಂದು ಕಾಲೇಜಿನಲ್ಲಿ ಬಯೋಟೆಕ್ನಾಲಜಿ ಕಲಿಸುತ್ತಾಳೆ. ಪ್ರಾಕ್ಟಿಕಲ್‌ಗೆ ಟ್ಯಾಕ್ ಕೊಳ್ಳುವ ದುಡ್ಡಿಗೆ ಪ್ರತಿ ವರ್ಷ ಪರದಾಟ.

‘ಅಣ್ಣ, ಪೇಪರ್ ತಾನೇ? ಒಂದು ಗ್ರೀಟಿಂಗ್ ಕಾರ್ಡ್ ಒಳಗೆ ಇಟ್ಟು ಕಳಿಸಿಬಿಡು. ಯಾರಿಗೆ ಗೊತ್ತಾಗುತ್ತೆ?’

‘ಯಾರಿಗೂ ಗೊತ್ತಾಗಲ್ಲ. ನಾಳೆ ನಿನ್ನ ಮಕ್ಕಳು ಪ್ರಾಜೆಕ್ಟಲ್ಲಿ ಎಲ್ಲಿಂದ ಬಂತು ಅಂತ ಏನು ಬರೀತಾರೆ ಕಣೇ?’

ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ‘ಅಮೆರಿಕಾಕ್ಕೆ ಹೋದಮೇಲೆ ಬಹಳ ರೂಲ್ಸು ನಿಂದು,’ ಅಂದಳು.

ರೂಲ್ಸು ಅಮೆರಿಕದ್ದಲ್ಲ, ನಮ್ಮದೇ. ಭಾರತದಲ್ಲಿ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 1989ರಲ್ಲಿ ಬಂದ ನಿಯಮಗಳಿವೆ. ಜೀನ್ ಬದಲಿಸಿದ ಜೀವಿಗಳನ್ನು ತರಿಸಲು, ಬೆಳೆಸಲು ಅನುಮತಿ ಬೇಕು. ಕೆಲಸ ಮಾಡುವ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಓಕ್‌ಲ್ಯಾಂಡಿನಲ್ಲಿ ಬೇಕರಿಯವರ ಜೊತೆ ಕೂತು ಸಂಜೆ ಮಾಡುವ ಕೆಲಸ ಅಲ್ಲಿ ಸಮಿತಿ ಇಲ್ಲದೆ ಶುರುವಾಗುವುದಿಲ್ಲ. ಇಷ್ಟು ಹಳೆಯ, ಇಷ್ಟು ನಿರಪಾಯದ ಪ್ಲಾಸ್ಮಿಡ್ಡಿಗೆ ಇದು ಹೆಚ್ಚಾಯಿತು ಅಂತಲೇ ನನ್ನ ಅಭಿಪ್ರಾಯ. ಹಾಗಂತ ಗ್ರೀಟಿಂಗ್ ಕಾರ್ಡಿನೊಳಗೆ ಇಡಲು ಮನಸ್ಸು ಬರಲಿಲ್ಲ.

ಕೊನೆಗೆ ಟ್ಯೂಬಿಲ್ಲದೆ, ಕಾಗದವಿಲ್ಲದೆ, ಅನುಕ್ರಮದ ಫೈಲ್ ಒಂದನ್ನು ಮೇಲ್ ಮಾಡಿದೆ. ಆ ಅಕ್ಷರಗಳನ್ನು ಕೊಟ್ಟರೆ ಡಿಎನ್‌ಎ ಹೊಸದಾಗಿ ಹೊಲಿದುಕೊಡುವ ಕಂಪನಿಗಳಿವೆ. ಖರ್ಚು ಇದೆ, ಆದರೆ ಒಂದೇ ಸಲ. ಅವಳು ಮೊದಲು ಬೈದುಕೊಂಡಳು, ಆಮೇಲೆ ಪ್ರಾಂಶುಪಾಲರ ಹತ್ತಿರ ಸಮಿತಿಯ ಮಾತು ಎತ್ತಿದಳು.

ಅಷ್ಟರಲ್ಲಿ ನಮ್ಮ ಕಾಗದ ಪಡೆದ ಒಂದು ಸಮುದಾಯ ಲ್ಯಾಬಿನಿಂದ ದೂರು ಬಂತು. ಮೊಸರಿನಲ್ಲಿ ಯಾವ ಯಾವ ಬ್ಯಾಕ್ಟೀರಿಯಾ ಇದೆ ಅಂತ ನೋಡಲು ಅವರು ಹೊರಟಿದ್ದರು. ಅದಕ್ಕೆ 16ಎಸ್ ಅನ್ನುವ ಜೀನನ್ನು ಪ್ರತಿ ಮಾಡಬೇಕು, ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ ಜೀನ್ ಅದು. ಮೊಸರು ಹಾಕದ ಟ್ಯೂಬಿನಲ್ಲೂ ಪಟ್ಟಿ ಬರುತ್ತಿದೆ, ನಿಮ್ಮ ಟ್ಯಾಕ್ ಸರಿ ಇಲ್ಲ ಅಂತ. ಟ್ಯಾಕ್ ಸರಿಯಾಗಿಯೇ ಇತ್ತು. ಇ. ಕೋಲಿಯಲ್ಲಿ ಮಾಡಿದ ಟ್ಯಾಕ್‌ನಲ್ಲಿ ಅದರ ಡಿಎನ್‌ಎ ಚೂರುಪಾರು ಉಳಿದೇ ಉಳಿಯುತ್ತದೆ, ಅದರ 16ಎಸ್ ಕೂಡ. ಗಿಡದ್ದೋ ಮೀನಿನದ್ದೋ ಜೀನ್ ನೋಡುವಾಗ ಇದು ಅಡ್ಡ ಬರುವುದಿಲ್ಲ, ಬ್ಯಾಕ್ಟೀರಿಯಾ ಗುರುತಿಸುವಾಗ ಬರುತ್ತದೆ. ನಮ್ಮ ಬಯೋಕೆಮಿಸ್ಟ್ ಅವರಿಗೆ ಇದು ಹೊಸದಲ್ಲ, ನಮಗೆಲ್ಲ ಹೊಸದು. ಹಾಳೆಗೆ ಒಂದು ಸಾಲು ಸೇರಿಸಿ, ಆಗಲೇ ಪಡೆದಿದ್ದವರಿಗೆಲ್ಲ ಕಳಿಸಿದೆವು. ಹಾಳೆಯ ಜೊತೆ ಯಾರಿಗೆ ಹೋಯಿತು ಅನ್ನುವ ಪಟ್ಟಿ ಇದ್ದದ್ದರಿಂದ ಅದು ಆಯಿತು.

ತಂಗಿಯ ಕಾಲೇಜಿನಲ್ಲಿ ಸಮಿತಿಯ ಕಾಗದ ಇನ್ನೂ ಓಡಾಡುತ್ತಿದೆ. ಮೊನ್ನೆ ಮೆಸೇಜ್ ಮಾಡಿದ್ದಳು, ಬ್ಯಾಕ್ಟೀರಿಯಾ ಒಡೆಯಲು ಸೋನಿಕೇಟರ್ ಬೇಕಾ, ನಮ್ಮಲ್ಲಿ ಇಲ್ಲ ಅಂತ. ಲೈಸೋಜೈಮ್ ಸಾಕು, ವಾಟರ್ ಬಾತ್ 75 ಮುಟ್ಟುತ್ತಾ ಅಂತ ಮೊದಲು ಥರ್ಮಾಮೀಟರ್ ಇಟ್ಟು ನೋಡು ಅಂತ ಹೇಳಿದ್ದೇನೆ.